ಹೆಸರೆತ್ತಬಾರದ ಪ್ರಾಣಿ

ತೋಳವನ್ನು ಹತ್ತಿರದಿಂದ ನೋಡಬೇಕೆಂಬ ಕುತೂಹಲ ಸಿದ್ದಮಲ್ಲಪ್ಪನವರಿಗೆ ಎಳ್ಳಷ್ಟೂ ಇರಲಿಲ್ಲ. ಅವರು ನೋಡಬೇಕೆಂದಿದ್ದುದು, ತೋಳದೆದುರು ನಿಂತಾಗ ಕೆಂಪಾಜಮ್ಮನ ಮುಖವನ್ನು.

ಒಂಬತ್ತು ದಿನಗಳ ಹಿಂದೆ ನಸುಕಿನಲ್ಲಿ ಆಕೆಯ ಕುರಿಹಟ್ಟಿಗೆ ಏನೋ ನುಗ್ಗಿ, ಎರಡು ಮರಿಗಳನ್ನು ಕೊಂದು, ಇನ್ನೊಂದನ್ನು ಹೊತ್ತೊಯ್ದಿತ್ತು. "ಏನದು, ನಾಯಿಯಾ?" ಎಂದು ಪಂಚಾಯಿತಿ ಸದಸ್ಯ ಕಾಂತರಾಜು ಕೇಳಿದಾಗ, ಕೆಂಪಾಜಮ್ಮ "ಊಂ, ನಾಯಿ" ಎಂದುಬಿಟ್ಟಿದ್ದಳು. ಹಟ್ಟಿಯ ಪಕ್ಕದ ಮನೆ ಸಿದ್ದಮಲ್ಲಪ್ಪನವರದು. ಆ ಬೀದಿಯಲ್ಲಿ ನಾಯಿ ಸಾಕಿದ್ದವರೂ ಅವರೊಬ್ಬರೇ. ಸೋಮವಾರದೊಳಗೆ ಅವರ ನಾಯಿ ಭೈರ ಊರು ಬಿಡಬೇಕೆಂದು ತೀರ್ಮಾನವಾಯಿತು. ಕಣ್ಣು ತೆರೆಯುವ ಮೊದಲೇ ತಾಯಿಯನ್ನು ಕಳೆದುಕೊಂಡಿದ್ದ ಆ ನಾಯಿಯನ್ನು, ಬಟ್ಟೆಯ ಬತ್ತಿಯಲ್ಲಿ ಹಾಲು ಹೀರಿಸಿ ಸಾಕಿದವರು ಅವರು. ಅದನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವುದನ್ನು ನೆನೆದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ನರಸೀಪುರದಾಚೆ ಕುರುಚಲು ಗುಡ್ಡಕ್ಕೆ ಬೇಲಿ ಹಾಕಿ ತೋಳಗಳನ್ನು ಇಟ್ಟಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾನುವಾರ ಆಕೆಯನ್ನು ಬಸ್ಸು ಹತ್ತಿಸಿದರು. ಒಮ್ಮೆ ಕಣ್ಣಾರೆ ಕಂಡರೆ, ಕತ್ತಲಲ್ಲಿ ತಾನು ಕಂಡದ್ದು ನಾಯಿಯೋ ತೋಳವೋ ಎಂಬ ಅನುಮಾನವಾದರೂ ಆಕೆಗೆ ಹುಟ್ಟೀತು ಎಂಬುದು ಅವರ ಲೆಕ್ಕ. ಆದರೆ ಅನುಮಾನ ಆಕೆಗೆ ಬಸ್ಸಿನಲ್ಲಿಯೇ ಹುಟ್ಟಿತ್ತು.

"ಅಲ್ಲ ಕಣಣ್ಣ, ಮೂವತ್ತು ವರ್ಸದಿಂದ ಒಂದಿನ ಕಾಪಿ ಕುಡ್ಸ್ನಿಲ್ಲ ನೀವು. ಇವತ್ತೇನು, ಟಿಕೀಟು ತಗಿಸಿ ಕರ್ಕಂಡೋಯ್ತಿದೀರಿ?"

"ಪ್ರಾಣಿ ನೋಡಿದ್ರೆ ಪಾಪ ಬರ್ತದಾ? ಸುಮ್ನೆ ಕೂತ್ಕೊ."

ಜಾಲರಿಯಾಚೆ ಕಲ್ಲಿನ ಮರೆಯಿಂದ ಎದ್ದು ಬಂದ ಪ್ರಾಣಿಯನ್ನು ಕಂಡು ಸಿದ್ದಮಲ್ಲಪ್ಪನವರಿಗೆ ನಿರಾಸೆಯಾಯಿತು. ಬೂದು ಬೆರೆತ ಕಂದು ಮೈ, ನೀಳವಾದ ಕಾಲು, ಬೆನ್ನಿಗಂಟಿದ ಹೊಟ್ಟೆ.

"ಇದಾ ತೋಳ? ಹುಲ್ಲಹಳ್ಳಿ ಬಸ್ ಸ್ಟ್ಯಾಂಡಲ್ಲಿ ಇಂಥವು ಹತ್ತು ಬಿದ್ದವೆ ಕಣಯ್ಯ. ಅಲ್ಲಿಂದ್ಲೇ ಹಿಡ್ಕೊಂಡು ಬಂದ್ರೋ ಹೇಗೆ?"

ಕಾವಲುಗಾರ ರಾಜೇಂದ್ರ ನಕ್ಕ. "ಬಸ್ ಸ್ಟ್ಯಾಂಡಿಂದು ಬನ್ನು ಕಂಡ್ರೆ ಬಾಲ ಅಲ್ಲಾಡಿಸ್ತದೆ ಯಜಮಾನ್ರೆ. ಇದು ನಿಮ್ಮನ್ನ ನೋಡೋ ಪರಿ ನೋಡಿ."

ಅದು ನೋಡಿತು. ಬಾಲ ನೆಟ್ಟಗೆ ಕೆಳಗಿಳಿದಿತ್ತು; ಹಳದಿ ಕಣ್ಣುಗಳಲ್ಲಿ ಬೇಡಿಕೆಯೂ ಇರಲಿಲ್ಲ, ಭಯವೂ ಇರಲಿಲ್ಲ. ಕೆಂಪಾಜಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇದೇ ಕಣಣ್ಣ ನಾಯಿ," ಎಂದು ಪಿಸುಗುಟ್ಟಿದಳು. "ಅವತ್ತು ಬಂದಿದ್ದು."

"ನಾಯಿ ಅಲ್ಲ ಅಜ್ಜಿ, ತೋಳ," ಎಂದ ರಾಜೇಂದ್ರ.

"ಥೂ, ಬುಡ್ತು ಅನ್ನಪ್ಪ! ಎಸರು ಎತ್ತಬ್ಯಾಡ. ಅಟ್ಟೀಲಿ ಮರಿ ಅವೆ."

ಸಿದ್ದಮಲ್ಲಪ್ಪನವರು ಆಕೆಯ ಮುಖವನ್ನೇ ದಿಟ್ಟಿಸಿದರು. ಕುರಿ ಕಾಯುವ ಮನೆಯಿಂದ ಬಂದ ಹೆಣ್ಣು ಆಕೆ. ಗದ್ದೆಯನ್ನೇ ನಂಬಿದ ಇವರ ಊರಿನಲ್ಲಿ ಆ ಮನೆಯ ನುಡಿಕಟ್ಟನ್ನು ಬಲ್ಲವರೇ ಇರಲಿಲ್ಲ.

"ಅಂದ್ರೆ, ನೀನು ನಾಯಿ ಅಂದಿದ್ದು ಇದನ್ನಾ?"

"ಇನ್ಯಾವುದನ್ನ? ನಮ್ಮವ್ವ, ನಮ್ಮಜ್ಜಿ ಎಲ್ರೂ ಅಂಗೇ ಅನ್ನೋರು. ಎಸರು ಕೂಗುದ್ರೆ ಕರುದಂಗಾಯ್ತದೆ."

"ಭೈರನ ಮೇಲೆ ಹೊರಿಸಿದಾಗ ಯಾಕೆ ಬಾಯಿ ಬಿಡಲಿಲ್ಲ?"

ಆಕೆ ನೆಲ ನೋಡಿದಳು. "ಬಾಯಿ ಬುಟ್ಟಿದ್ರೆ ಎಸರು ಏಳ್ಬೇಕಾಗಿತ್ತಲ್ಲ. ಇನ್ನೂ ನಾಕು ಮರಿ ಉಳ್ಕಂಡಿದ್ದೊ. ನಿಮ್ ನಾಯಿ ಎಲ್ಲಾದ್ರೂ ಬದುಕ್ಕತದೆ ಅಂತ ಸುಮ್ಕಾದೆ."

ಸಿಟ್ಟು ಅವರ ನೆತ್ತಿಗೇರಿತು. ಆದರೂ, ತಮ್ಮ ನಾಯಿಗಾಗಿ ಈಕೆಯನ್ನು ಉಪಾಯದಿಂದ ಕರೆತಂದ ತಾವು ಯಾವ ನ್ಯಾಯ ಹೇಳುವುದು? ಕಾಂತರಾಜುವಿಗೆ ಫೋನು ಹಚ್ಚಿ ಆಕೆಯ ಮುಂದೆ ಹಿಡಿದರು.

"ಇಲ್ಲೇ ಹೇಳಿಬಿಡು. ಊರು ದೂರ ಇದೆ. ಆ ಪ್ರಾಣಿನೂ ಬೇಲಿಯೊಳಗದೆ."

"ಪೋನು ಊರಿಗೇ ಓಯ್ತದಲ್ಲಣ್ಣ!"

ರಾಜೇಂದ್ರ ಮುಖ ತಿರುಗಿಸಿಕೊಂಡು ನಗು ನುಂಗಿದ. ಅತ್ತಲಿಂದ ಕಾಂತರಾಜು "ಹಲೋ, ಹಲೋ" ಎನ್ನುತ್ತಲೇ ಇದ್ದ. ಕೆಂಪಾಜಮ್ಮ ಫೋನನ್ನೂ ತೋಳವನ್ನೂ ಮತ್ತೆ ಮತ್ತೆ ನೋಡಿ, ಕೊನೆಗೆ ಕಣ್ಣು ಮುಚ್ಚಿಕೊಂಡಳು.

"ಕಾಂತರಾಜ, ಸಿದ್ದಮಲ್ಲಣ್ಣನ ನಾಯಿ ಅಲ್ಲ ಕಣ್ಲಾ. ತ್ವಾಳ. ನಾನು ಕಂಡಿದ್ದು ತ್ವಾಳ. ಇನ್ನೊಂದ್ಸಲ ಕೇಳಬ್ಯಾಡ, ಮಡುಗು."

ಫೋನನ್ನು ಹಿಂದಿರುಗಿಸಿ, ಆಕೆ ಸೆರಗು ಕೊಡವಿದಳು. "ನಿಮ್ಗೋಸ್ಕರ ಎಸರೆತ್ತಿವ್ನಿ. ಇನ್ನು ಅದು ಬಂದೇ ಬತ್ತದೆ. ಮರಿ ದೊಡ್ಡವಾಗೋಗಂಟ ನಿಮ್ ಭೈರ ನನ್ನಟ್ಟೀಲೇ ಕಾವಲಿರ್ಬೇಕು. ಮರಿ ಮಗ್ಗುಲಲ್ಲೇ."

ಇಷ್ಟು ದಿನ ಭೈರನ ಪರವಾಗಿ ಊರಿಗೆ ಊರನ್ನೇ ಎದುರಿಸಿದ್ದ ಸಿದ್ದಮಲ್ಲಪ್ಪನವರು, ಮರಿಗಳ ಮಗ್ಗುಲಲ್ಲಿ ರಾತ್ರಿಯಿಡೀ ಭೈರ ಒಬ್ಬನೇ ಇರುವುದನ್ನು ನೆನೆದು, ಫೋನನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಯಾಕಣ್ಣ, ಏನಾಯ್ತು?" ಕೆಂಪಾಜಮ್ಮನ ಕಣ್ಣು ಕಿರಿದಾಯಿತು.

"ಏನಿಲ್ಲ, ಏನಿಲ್ಲ," ಎಂದರು ಅವರು. "ನಂಜನಗೂಡಲ್ಲಿ ಇಳಿದು ಒಂದು ಗಟ್ಟಿ ಸರಪಳಿ ತಗೊಂಡು ಹೋಗೋಣ."