ಟ್ಯಾಂಕಿನಲ್ಲಿ ತೀರ್ಥ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ವೆಂಕಟಲಕ್ಷ್ಮಿ ತೀರಿಹೋದ ಗಂಡನ ಮೊಪೆಡ್ಡನ್ನು ನಂಜನಗೂಡಿನ ಮನೆಯ ಕೊಟ್ಟಿಗೆಯಿಂದ ಬೀದಿಗೆ ತಳ್ಳಿಕೊಂಡು ಬಂದಳು. ಅದು ನಾಲ್ಕು ವರ್ಷದಿಂದ ಓಡಿರಲಿಲ್ಲ.

೧೯೮೩ರ ಜುಲೈ ಅದು. ಗಂಡ ರಾಮಚಂದ್ರ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಎಪ್ಪತ್ತೊಂಬತ್ತರಲ್ಲಿ ಕಾಮಾಲೆಯಿಂದ ಸತ್ತ. ಅನುಕಂಪದ ಮೇಲೆ ಹೆಂಡತಿಗೆ ಕೆಲಸ ಸಿಕ್ಕಿತು. ಶಾಲೆ ನರಸೀಪುರ ರಸ್ತೆಯಿಂದ ಒಳಗಿನ ಒಂದು ಹಳ್ಳಿಯಲ್ಲಿತ್ತು. ಜೂನ್‌ನಲ್ಲಿ ಬೆಳಗಿನ ಬಸ್ಸು ನಿಂತುಹೋಯಿತು. ಮುಂದಿನ ಬಸ್ಸು ಹಿಡಿದರೆ ಶಾಲೆ ಮುಟ್ಟುವ ಹೊತ್ತಿಗೆ ಎರಡು ಪಾಠ ಮುಗಿದಿರುತ್ತಿತ್ತು. ಇನ್ನೊಂದು ಸಲ ತಡವಾದರೆ ವರ್ಗ ಮಾಡಿಸುವುದಾಗಿ ಇನ್‌ಸ್ಪೆಕ್ಟರು ಹೇಳಿದ್ದರು. ಅವಳು ಒಂದು ವಾರ ರಜೆ ಹಾಕಿದ್ದಳು. ಸೋಮವಾರ ಹಾಜರಾಗಬೇಕಿತ್ತು.

ವರ್ಗವಾದರೆ ಏನಾಗುತ್ತದೆಂದು ಅತ್ತೆ ಅಂಬುಜಮ್ಮ ಮೊದಲೇ ತೀರ್ಮಾನಿಸಿದ್ದರು. "ನೀನು ಎಲ್ಲಿಗಾದ್ರೂ ಹೋಗಮ್ಮ. ಸುಧಾ ಮಾತ್ರ ಬರಲ್ಲ. ಅವಳು ನಮ್ಮನೆ ಕೂಸು." ವೆಂಕಟಲಕ್ಷ್ಮಿಯ ಮಗಳು ಸುಧಾ ಎರಡನೇ ಕ್ಲಾಸಿನಲ್ಲಿದ್ದಳು.

ಮೊಪೆಡ್ ಕೇಳಿದಾಗ ಅಂಬುಜಮ್ಮ ಅಡ್ಡಿ ಮಾಡಲಿಲ್ಲ. "ಅದೆಲ್ಲಿ ಓಡುತ್ತೆ? ಓಡಿದ್ರೆ ನೀನೇ ಇಟ್ಕೋ," ಎಂದರು. ಮೈದುನ ಬದರೀನಾರಾಯಣ ಕಾಫಿ ಲೋಟದ ಹಿಂದೆ ನಕ್ಕ. ಅವನಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ. ದಿನಾ ಸೈಕಲ್ಲಿನಲ್ಲಿ ಹೋಗುತ್ತಿದ್ದ.

ಸೈಕಲ್ ಶಾಪಿನ ಹುಚ್ಚಯ್ಯ ಜಗಲಿಯ ಮುಂದೆ ಗೋಣಿ ಹಾಸಿ ಕೂತ. ಚಕ್ರಗಳಿಗೆ ಗಾಳಿ ಹೊಡೆದ. ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿದ. ಸೈಲೆನ್ಸರಿನಿಂದ ಕಣಜದ ಮಣ್ಣುಗೂಡು ಕೆದಕಿ ತೆಗೆದ. ಆಮೇಲೆ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ಬಗ್ಗಿಸಿದ. ಕೆಂಪು ನೀರು ಬಂತು. ಅದರ ಜೊತೆ ಕಪ್ಪಾದ ಎಲೆಗಳು ಬಂದವು.

"ಏನ್ ಟೀಚರಮ್ಮ, ಟ್ಯಾಂಕೊಳಗೆ ಗಿಡ ನೆಟ್ಟಿದ್ರಾ?"

ಒಂದನ್ನು ಬೆರಳಲ್ಲಿ ಉಜ್ಜಿ ಮೂಸಿದ. ತುಳಸಿ.

ವೆಂಕಟಲಕ್ಷ್ಮಿ ತಿರುಗಿ ಅತ್ತೆಯನ್ನು ನೋಡಿದಳು. ರಾಮಚಂದ್ರ ಬದುಕಿದ್ದಾಗ ಆಯುಧಪೂಜೆಯ ದಿನ ಮೊಪೆಡ್ಡಿಗೆ ಕಂಠಮಟ್ಟ ಪೆಟ್ರೋಲ್ ಹಾಕಿಸುತ್ತಿದ್ದ. ಅವನು ಹೋದ ಮೇಲೂ ಪೂಜೆ ನಿಲ್ಲಲಿಲ್ಲ. ಗಾಡಿ ಖಾಲಿ ಹೊಟ್ಟೆಯಲ್ಲಿ ಪೂಜೆ ಮಾಡಿಸಿಕೊಳ್ಳಬಾರದೆಂದು ಅಂಬುಜಮ್ಮ ವರ್ಷವರ್ಷವೂ ಮುಚ್ಚಳ ತೆಗೆದು ಮಠದ ತೀರ್ಥ ಬಿಡುತ್ತಿದ್ದರು.

"ತೀರ್ಥದಿಂದ ಯಾವುದಾದ್ರೂ ಹಾಳಾಗೋದುಂಟೇನೋ?" ಎಂದರು ಅಂಬುಜಮ್ಮ.

"ಮನ್ಸರ್ಗೇನೂ ಆಗಕಿಲ್ಲ ಕಣವ್ವ. ತಗಡು ತಡ್ಕಳಾಕಿಲ್ಲ."

ಬದರಿ ಜೋರಾಗಿ ನಕ್ಕ. "ಅತ್ತಿಗೆ, ಇನ್ನು ಇದನ್ನ ದೇವರ ಮನೇಲೇ ಇಟ್ಬಿಡಿ."

ಹುಚ್ಚಯ್ಯ ಟ್ಯಾಂಕಿಗೆ ಸೀಮೆಎಣ್ಣೆ ಸುರಿದು, ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ವೆಂಕಟಲಕ್ಷ್ಮಿಯ ಕೈಗೆ ಕೊಟ್ಟ. "ಕುಲುಕ್ತಾ ಇರಿ." ಅವಳು ಕುಲುಕಿದಳು. ತುಕ್ಕಿನ ನೀರು ಸೀರೆಯ ಮೇಲೆಲ್ಲ ಹಾರಿತು. ಸುರಿಯುವುದು, ಮತ್ತೆ ತುಂಬುವುದು, ಮತ್ತೆ ಕುಲುಕುವುದು. ಎಣ್ಣೆ ತಿಳಿಯಾಗುವ ಹೊತ್ತಿಗೆ ಅವಳಿಗೆ ತೋಳು ಎತ್ತಲಾಗುತ್ತಿರಲಿಲ್ಲ. ಅಷ್ಟರಲ್ಲಿ ಹುಚ್ಚಯ್ಯ ಕಾರ್ಬುರೇಟರಿನ ತೂತನ್ನು ಬ್ರೇಕ್ ವೈರಿನ ಒಂದು ಎಳೆಯಿಂದ ಬಿಡಿಸಿದ್ದ.

ಟ್ಯಾಂಕನ್ನು ಮತ್ತೆ ಕೂರಿಸಿ ಪೆಟ್ರೋಲ್ ಹಾಕಿದ. ಸ್ಟ್ಯಾಂಡ್ ಹಾಕಿ ಅವಳೇ ಪೆಡಲ್ ತುಳಿದಳು. ಟಿ.ಸಿ.ಎಚ್. ಓದುವಾಗ ಮೈಸೂರಿನಲ್ಲಿ ಸೈಕಲ್ ಹೊಡೆದವಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕೆಮ್ಮು. ಹುಚ್ಚಯ್ಯ ಪ್ಲಗ್ಗನ್ನು ಒರೆಸಿ ಮತ್ತೆ ಹಾಕಿದ. ಈ ಸಲ ಎಂಜಿನ್ ಹತ್ತಿಕೊಂಡಿತು. ಬೀದಿಗೆ ಬೀದಿಯೇ ಬಿಳಿ ಹೊಗೆ.

ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ ರಾಮೂನೇ ಬಂದ ಹಾಗಾಯ್ತು. ತೀರ್ಥ ಕಾಪಾಡ್ತು ನೋಡು."

ಬದರಿ ಲೋಟ ಕೆಳಗಿಟ್ಟು ಬಂದ. "ಇಳೀರಿ ಅತ್ತಿಗೆ. ಬ್ರೇಕ್ ಹೇಗಿದೆ ನೋಡ್ಕೊಂಡು ಬರ್ತೀನಿ."

ಅವಳು ಇಳಿದಳು. ಅವನು ಊಟದ ಹೊತ್ತಿಗೆ ವಾಪಸಾದ. ಹ್ಯಾಂಡಲಿನಲ್ಲಿ ಹೊಸ ಬೀಗವೊಂದು ನೇತಾಡುತ್ತಿತ್ತು.

"ಕೀ ಕೊಡು ಬದರಿ, ನಾಳೆ ನಂಗೆ ಬೇಕು," ಎಂದಳು ವೆಂಕಟಲಕ್ಷ್ಮಿ.

ಉತ್ತರ ಕೊಟ್ಟವರು ಅಂಬುಜಮ್ಮ. "ಗಂಡನಿಲ್ಲದವಳು ಬಸ್‌ಸ್ಟ್ಯಾಂಡ್ ಮುಂದೆ ಹಾಗೆ ಕೂತ್ಕೊಂಡು ಹೋಗೋದೇನೇ? ಮಠದೋರಿಗೆ ನಾನು ಏನು ಮುಖ ತೋರಿಸ್ಲಿ?"

"ಓಡಿದ್ರೆ ನೀನೇ ಇಟ್ಕೋ ಅಂದಿದ್ರಿ."

"ಓಡುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಅದು ನಿಮ್ಮಣ್ಣಂದು ಬದರಿ."

"ಅದಕ್ಕೇ ಅತ್ತಿಗೆ, ನಮ್ಮನೇದು," ಎಂದು ಅವನು ಸಾರು ಬಡಿಸಿಕೊಂಡ.

ಸೋಮವಾರ ಬೆಳಿಗ್ಗೆ ಬದರಿ ಮೊಪೆಡ್ಡಿನಲ್ಲಿ ಕಾರ್ಖಾನೆಗೆ ಹೋದ. ತನ್ನ ಸೈಕಲ್ಲನ್ನು ಹಿಂದಿನ ಸಂಜೆಯೇ ಗೆಳೆಯನಿಗೆ ಕೊಟ್ಟುಬಿಟ್ಟಿದ್ದ. ವೆಂಕಟಲಕ್ಷ್ಮಿ ಸಿಕ್ಕಿದ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು ನಡೆದಳು. ಅವಳು ಶಾಲೆ ಮುಟ್ಟಿದಾಗ ಇನ್‌ಸ್ಪೆಕ್ಟರು ಅವಳ ಕ್ಲಾಸಿನ ಮಕ್ಕಳಿಗೆ ಮಗ್ಗಿ ಕೇಳುತ್ತಿದ್ದರು.

ಆಗಸ್ಟ್‌ನಲ್ಲಿ ತಲಕಾಡಿನ ಆಚೆಯ ಒಂದು ಶಾಲೆಗೆ ವರ್ಗವಾಯಿತು. ಅವಳು ನರಸೀಪುರದಲ್ಲಿ ಇನ್ನೊಬ್ಬ ಟೀಚರ್ ಜೊತೆ ಕೋಣೆ ಹಿಡಿದಳು. ಹೊರಡುವ ದಿನ ಅವಳ ಟ್ರಂಕನ್ನು ಬದರಿ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ತಂದುಕೊಟ್ಟ. ಸುಧಾ ನಂಜನಗೂಡಿನಲ್ಲೇ ಉಳಿದಳು.