ಉಡಿಯ ಲೆಕ್ಕ

ಹೊಸ ಬಟ್ಟೆಯ ಗಂಜಿ, ಅದಕ್ಕೆ ಅಂಟಿದ ಅರಿಶಿನ, ಎಲ್ಲೋ ಮೂಲೆಯಲ್ಲಿ ಒಂದು ನುಸಿಗುಳಿಗೆ. ಅಂಬಿಕಾಳಿಗೆ ತಾಯಿಯ ತಗಡಿನ ಟ್ರಂಕು ಅಂದರೆ ಈ ವಾಸನೆ. ಮುಚ್ಚಳ ಕಿರ್ರೆಂದರೆ ಸಾಕು, ಚಿಕ್ಕ ಹುಡುಗಿ ಓಡಿಬಂದು ಒಳಗೆ ಮೂಗು ತೂರಿಸುತ್ತಿದ್ದಳು. ಒಳಗಿದ್ದದ್ದೆಲ್ಲ ಬರೀ ಕುಪ್ಪಸದ ಕಣಗಳು, ಹೊಲಿಯದ ಜಂಪರ್ ಬಟ್ಟೆಗಳು. ಸೀಮಂತದಲ್ಲೋ ಗೃಹಪ್ರವೇಶದಲ್ಲೋ ಯಾರೋ ಅಕ್ಕಿ, ಕೊಬ್ಬರಿಯ ಜೊತೆ ತಾಯಿಯ ಉಡಿಗೆ ಹಾಕಿದವು. ಅವುಗಳಲ್ಲಿ ಒಂದನ್ನೂ ಆಕೆ ಹೊಲಿಸಿಕೊಂಡವಳಲ್ಲ. ಮತ್ತೊಬ್ಬರಿಗೆ ಉಡಿ ತುಂಬುವ ದಿನ ಬಂದಾಗ ಅವೇ ಹೊರಗೆ ಬರುತ್ತಿದ್ದವು. "ಇವು ನಮ್ಮವಲ್ಲ ಕಣೇ, ನಮ್ಮನೇಲಿ ನಾಕು ದಿನ ಇಳ್ಕೊಂಡವೆ ಅಷ್ಟೆ" ಎನ್ನುತ್ತಿದ್ದಳು.

ಆ ಹುಡುಗಿ ಬೆಳೆದು ನರ್ಸ್ ಆದಳು. ಜಗಳೂರು ಕಡೆಯ ಬಿಳಿಚೋಡಿನಲ್ಲಿ ಕೆಲಸಕ್ಕೆ ಸೇರಿದಳು, ಚನ್ನಗಿರಿಯಲ್ಲಿ ಕೆಲವು ವರ್ಷ ಇದ್ದಳು, ಉಳಿದ ಕಾಲವನ್ನೆಲ್ಲ ಹೊನ್ನಾಳಿ, ನ್ಯಾಮತಿಯ ಹಳ್ಳಿಗಳಲ್ಲಿ ಕಳೆದಳು. ಗಂಡ ತೀರಿಕೊಂಡಾಗ ಆಕೆಗೆ ಇನ್ನೂ ಚಿಕ್ಕ ವಯಸ್ಸು. ಮಕ್ಕಳಿಲ್ಲ. ಊರೂರಿನಲ್ಲಿ ಆಕೆ ಹೆರಿಗೆ ಮಾಡಿಸಿದ ಮಕ್ಕಳೇ ಈಗ ಮೀಸೆ ಹೊತ್ತು ತಿರುಗುತ್ತಾರೆ. ನಿವೃತ್ತಿಯ ನಂತರ ಹಳ್ಳಿಯ ಆಸ್ಪತ್ರೆಗೆ ಒಂದು ಆಂಬುಲೆನ್ಸ್ ಕೊಡಿ ಎಂದು ಬೆಂಗಳೂರಿನ ತನಕ ಅರ್ಜಿ ಹಿಡಿದು ಅಲೆದಳು. ಕೇಳಿ ಕೇಳಿ ಸಾಕಾಯಿತು. ಕೇಳುವುದಕ್ಕಿಂತ ನಿಲ್ಲುವುದೇ ವಾಸಿ ಎನ್ನಿಸಿ ವಿಧಾನಸಭೆ ಚುನಾವಣೆಗೆ ಪಕ್ಷೇತರಳಾಗಿ ನಿಂತಳು. ಚುನಾವಣಾಧಿಕಾರಿಗಳು ಕೊಟ್ಟ ಚಿಹ್ನೆ ಹೊಲಿಗೆ ಯಂತ್ರ.

ನಾಮಪತ್ರ ಹಾಕಿದ ಮರುದಿನವೇ ಗುತ್ತಿಗೆದಾರ ರುದ್ರಮುನಿ ಮನೆಗೆ ಬಂದ. ಜೊತೆಗೆ ಹತ್ತು ರೇಷ್ಮೆ ಸೀರೆಗಳ ಡಬ್ಬಗಳೂ ಬಂದವು.

"ಅಭ್ಯರ್ಥಿ ಅಂದ್ರೆ ಅಭ್ಯರ್ಥಿ ತರ ಕಾಣ್ಬೇಕು ಸಿಸ್ಟರ್. ಈ ಕಾಟನ್ ಸೀರೇಲಿ ಹೋದ್ರೆ ಪೋಲಿಯೋ ಹನಿ ಹಾಕಾಕೆ ಬಂದ್ರು ಅಂತಾರೆ ಜನ."

"ಅನ್ಲಿ ಬಿಡ್ರಿ. ಮಕ್ಕಳನ್ನಾದ್ರೂ ಹೊರಗೆ ಕರ್ಕೊಂಡು ಬರ್ತಾರೆ."

"ಖರ್ಚೆಲ್ಲ ನಂದು. ಉಡೋ ಬಟ್ಟೆನ ಚುನಾವಣೆ ಲೆಕ್ಕಕ್ಕೆ ಹಿಡಿಯಲ್ಲ, ವಿಚಾರಿಸೀನಿ."

"ಸೀರೆ ನೀವು ಕೊಟ್ರೆ ಸೆರಗು ನಿಮ್ಮ ಕೈಯಾಗೇ ಇರ್ತೈತಲ್ಲ ರುದ್ರಮುನಿಯವ್ರೆ" ಎಂದು ಅಂಬಿಕಾ ಅವನಿಗೆ ಕಾಫಿ ಕೊಟ್ಟಳು. ಆತ ಕಾಫಿ ಕುಡಿದು, ಡಬ್ಬಗಳನ್ನು ಎತ್ತಿಕೊಂಡು ಹೋದ. ಸಿಟ್ಟಾಗಿದ್ದರೂ ಹೋಗುವಾಗ ಗೇಟಿನ ಚಿಲಕ ಹಾಕಿ ಹೋದ. ಬೀದಿ ದನ ಒಳಗೆ ನುಗ್ಗಬಾರದಲ್ಲ.

ಉಳಿದ ಅಭ್ಯರ್ಥಿಗಳ ಲೆಕ್ಕದಲ್ಲಿ ಶಾಲು, ಟೋಪಿ, ಟವೆಲ್ಲುಗಳಿಗೇ ಲಕ್ಷಗಟ್ಟಲೆ ಹೋಗುತ್ತಿತ್ತು. ಅಂಬಿಕಾ ಬರೆದದ್ದು ಡೀಸೆಲ್ಲು, ಮೈಕು, ಕರಪತ್ರ, ರಸೂಲನ ವ್ಯಾನಿನ ಬಾಡಿಗೆ. ಬಟ್ಟೆಗೆಂದು ಒಂದು ಕಾಸೂ ಇಲ್ಲ. "ಯಾರಿಗೂ ಏನೂ ಕೊಡಲ್ಲ, ಕೊಡಾಕೆ ನನ್ನತ್ರ ಇಲ್ಲ. ಓಟು ಕೊಡಿ" ಎಂಬುದು ಆಕೆಯ ಭಾಷಣ. ಒಂದೇ ನಿಮಿಷಕ್ಕೆ ಮುಗಿಯುತ್ತಿತ್ತು. ಆ ಮಾತೊಂದೇ ಆಕೆಯ ಬಂಡವಾಳ.

ರಸೂಲನಿಗೆ ಹೊನ್ನಾಳಿಯ ಪೇಟೆಯಲ್ಲಿ ಸಣ್ಣ ಜವಳಿ ಅಂಗಡಿ. ಅವನ ಹೆಂಡತಿ ಅಖ್ತರ್‌ಬೀಗೆ ಮೊದಲ ಹೆರಿಗೆ ಕಷ್ಟವಾದಾಗ ಎರಡು ರಾತ್ರಿ ಪಕ್ಕದಲ್ಲಿ ಕೂತವಳು ಅಂಬಿಕಾ. ಅದಕ್ಕೇ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅವನು ವ್ಯಾನು ಹೊರಡಿಸಿದ್ದ. ಬಾಡಿಗೆ ಬೇಡವೆಂದಿದ್ದ. "ಬಾಡಿಗೆ ಬರೀಲಿಲ್ಲ ಅಂದ್ರೆ ಅದೂ ದೇಣಿಗೆ ಆಗ್ತೈತೆ ರಸೂಲ್, ಅದಕ್ಕೊಂದು ಬೇರೆ ರಗಳೆ" ಎಂದು ಅಂಬಿಕಾ ಹೇಳಿದ ಮೇಲೆ ಒಪ್ಪಿದ.

ಉಡಿಯ ಸಂಗತಿ ಶುರುವಾದದ್ದು ಸಾಸ್ವೆಹಳ್ಳಿಯ ಹತ್ತಿರದ ಒಂದು ಕೇರಿಯಲ್ಲಿ. ಕರಪತ್ರ ಕೊಟ್ಟು ತಿರುಗುವಷ್ಟರಲ್ಲಿ ಮುದುಕಿಯೊಬ್ಬಳು ಒಳಗಿನಿಂದ ಮೊರ ಹಿಡಿದು ಬಂದಳು. ಅಕ್ಕಿ, ಅರಿಶಿನದ ಕೊನೆ, ಬೆಲ್ಲ, ಮೇಲೊಂದು ಕಣ. ಅಂಬಿಕಾ ಒಂದು ಹೆಜ್ಜೆ ಹಿಂದೆ ಸರಿದಳು.

"ನಂಗೆ ಬ್ಯಾಡಮ್ಮ. ನಾನು ಗಂಡ ಇಲ್ಲದೋಳು."

ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿ ಆ ಕಡೆ ಯಾರಿಗೂ ಗೊತ್ತಿಲ್ಲ.

"ನನ್ನ ಸೊಸೆ ಹೆರಿಗೆ ಮಾಡಿಸಾಕೆ ಬಂದಾಗ ನಿನ್ನ ಗಂಡ ಎಲ್ಲವ್ನೆ ಅಂತ ಕೇಳಿದ್ನೇನು ನಾನು?" ಎಂದಳು ಮುದುಕಿ. "ಸೆರಗು ಹಿಡಿ."

ಅಂಬಿಕಾ ಸೆರಗು ಹಿಡಿದಳು. ಗಂಡ ಹೋದ ಮೂವತ್ತು ವರ್ಷದಲ್ಲಿ ಮೊದಲ ಸಲ. ಆ ಸುದ್ದಿ ಆಕೆಯ ವ್ಯಾನಿಗಿಂತ ಮುಂದೆ ಓಡಿತು. ಅಲ್ಲಿಂದಾಚೆಗೆ ಹೋದ ಊರಲ್ಲೆಲ್ಲ ಮೊರ ಕಾಯುತ್ತಿತ್ತು. ಬೇಡವೆನ್ನುವುದು ಹೇಗೆ? ಬೇರೆ ಪಕ್ಷಗಳ ಕೆಲಸಕ್ಕೆ ಹೋಗುವ ಗಂಡಸರ ಮನೆಗಳಲ್ಲಂತೂ ಹಿತ್ತಿಲ ಬಾಗಿಲಿಗೆ ಕರೆದು ಉಡಿ ತುಂಬುತ್ತಿದ್ದರು.

ಕಣಗಳು ವ್ಯಾನಿನ ಹಿಂದಿನ ಸೀಟಿನಲ್ಲಿ ರಾಶಿಯಾದವು. ನ್ಯಾಮತಿಯ ತನ್ನ ಮನೆಗೆ ಹೋಗುವುದೇ ಅಪರೂಪ, ಹೋದ ಊರಲ್ಲೇ ರಾತ್ರಿ ತಂಗುತ್ತಿದ್ದಳು. ಚುನಾವಣೆ ಮುಗಿಯಲಿ, ಸೀಮಂತಕ್ಕೆ ತೊಟ್ಟಿಲಿಗೆ ಕರೆದವರ ಮನೆಗಳಿಗೆ ಹಿಂದಕ್ಕೆ ಕೊಡುತ್ತ ಬಂದರಾಯಿತು ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಅಂಬಿಕಾ ಮನೆಮನೆ ತಿರುಗುತ್ತಿದ್ದಾಗ ರಸೂಲ್ ಹುಣಸೆಮರದ ಕೆಳಗೆ ವ್ಯಾನು ನಿಲ್ಲಿಸಿ ಕಾಯುತ್ತಿದ್ದ. ಜವಳಿಯವನ ಕೈ ಸುಮ್ಮನಿರುತ್ತದೆಯೇ? ಬಟ್ಟೆ ಮುದುರಿ ಬಿದ್ದಿರುವುದನ್ನು ಅವನ ಕಣ್ಣು ಸಹಿಸದು. ಬೆಲ್ಲಕ್ಕೆ ಇರುವೆ ಬೇರೆ ಹತ್ತಿತ್ತು. ಒಂದೊಂದನ್ನೂ ಕೊಡವಿ, ಅಕ್ಕಿಯನ್ನು ಗುಬ್ಬಿಗಳಿಗೆ ಚೆಲ್ಲಿ, ಮಡಿಕೆಗೆ ಮಡಿಕೆ ಕೂಡಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಹತ್ತತ್ತರ ಕಟ್ಟು ಕಟ್ಟಿದ. ತನ್ನ ಅಂಗಡಿಯ ಹೆಸರಿದ್ದ ಎರಡು ಹೊಸ ಚೀಲಗಳಲ್ಲಿ ನೀಟಾಗಿ ತುಂಬಿಟ್ಟ. ಅಂಬಿಕಾ ಬಂದು ನೋಡಿ, "ಎಷ್ಟು ಚೆಂದ ಮಾಡಿದೀಯಪ್ಪ" ಎಂದಳು. ಆ ಹೊತ್ತಿಗೆ ಇಬ್ಬರಿಗೂ ಬೇರೇನೂ ಹೊಳೆಯಲಿಲ್ಲ.

ಅದೇ ದಿನ ಮಧ್ಯಾಹ್ನ ಚನ್ನಗಿರಿ ರಸ್ತೆಯ ಚೆಕ್‌ಪೋಸ್ಟಿನಲ್ಲಿ ವ್ಯಾನು ನಿಲ್ಲಿಸಿದರು. ಶಾಮಿಯಾನದ ಕೆಳಗೆ ಒಂದು ಮೇಜು, ಕ್ಯಾಮೆರಾ ಹಿಡಿದವನೊಬ್ಬ, ಕಾನ್‌ಸ್ಟೇಬಲ್ ಗಾದ್ರಪ್ಪ. ತಂಡದ ಮುಖ್ಯಸ್ಥೆ ಮಮತಾ, ಚುನಾವಣೆ ಕೆಲಸಕ್ಕೆ ಹಾಕಿದ್ದ ಕಾಲೇಜು ಉಪನ್ಯಾಸಕಿ. ಗಾದ್ರಪ್ಪ ಚೀಲದ ಬಾಯಿ ಬಿಚ್ಚಿದ. ಕಟ್ಟುಗಳನ್ನು ನೋಡಿದ. ವ್ಯಾನಿಗೆ ಅಂಟಿಸಿದ್ದ ಪೋಸ್ಟರನ್ನು ನೋಡಿದ.

"ಚಿಹ್ನೆ ಹೊಲಿಗೆ ಮಿಷನ್ನು, ಚೀಲದಾಗೆ ಜಂಪರ್ ಪೀಸು. ಮೇಡಂ, ಇನ್ನು ದರ್ಜಿ ಒಬ್ಬನೇ ಕಡಿಮೆ."

ಮಮತಾ ನಗಲಿಲ್ಲ. "ಬಿಲ್ ಇದೆಯಾ?" ಎಂದು ಕೇಳಿದಳು.

"ಇವು ಕೊಂಡಿದ್ದಲ್ಲಮ್ಮ" ಎಂದಳು ಅಂಬಿಕಾ. "ಹಳ್ಳಿ ಹೆಣ್ಣುಮಕ್ಕಳು ನಂಗೆ ಉಡಿ ತುಂಬಿದ್ದು."

ಮಮತಾ ಒಂದು ಕಟ್ಟು ಎತ್ತಿ ನೋಡಿದಳು. ಅಕ್ಕಿಯ ಕಾಳಿಲ್ಲ, ಬೆಲ್ಲದ ಚೂರಿಲ್ಲ. ಸಾಲಾಗಿ ಮಡಿಕೆ, ಮೇಲೆ ದಾರ.

"ಉಡಿ ತುಂಬಿದ್ದು ಹತ್ತತ್ತರ ಕಟ್ಟಿನಲ್ಲಿ ಬರುತ್ತಾ ಸಿಸ್ಟರ್? ಅಂಗಡಿ ಚೀಲ ಸಮೇತ?"

ರಸೂಲ್ ತಲೆಯ ಮೇಲೆ ಕೈಯಿಟ್ಟುಕೊಂಡ. "ಮೇಡಂ, ಕಟ್ಟಿದ್ದು ನಾನು. ಅಲ್ಲಾನ ಆಣೆ, ಇರುವೆ ಹತ್ತಿದ್ವು ಅಂತ ಕಟ್ದೆ."

"ನಾನು ನಂಬ್ತೀನೋ ಬಿಡ್ತೀನೋ ಅದು ಬೇರೆ. ಮತದಾರರಿಗೆ ಹಂಚೋಕೆ ತಂದ ಸರಕು ಅಂತ ಇದು ಕಾಣುತ್ತೆ. ಹಾಗಲ್ಲ ಅನ್ನೋಕೆ ಬಿಲ್ ಬೇಕು, ಇಲ್ಲ ಕೊಟ್ಟವರು ಯಾರು ಅಂತ ಹೆಸರು ಬೇಕು. ಎರಡೂ ಇಲ್ಲ ಅಂದ್ರೆ ಆಮಿಷದ ಕೇಸು ಬರೀಬೇಕಾಗುತ್ತೆ."

ಆಮಿಷದ ಕೇಸು. ನಾಳೆಯ ಪೇಪರಿನಲ್ಲಿ ಬಂದರೆ ಸಾಕು, ಆ ಒಂದು ನಿಮಿಷದ ಭಾಷಣ ಇನ್ನು ಯಾವ ಊರಲ್ಲೂ ಬಾಯಿಂದ ಹೊರಡದು.

ರಸೂಲ್ ಅಂಬಿಕಾಳನ್ನು ಪಕ್ಕಕ್ಕೆ ಕರೆದ. "ಅಕ್ಕಾ, ಅಖ್ತರ್‌ಗೆ ಫೋನ್ ಹಚ್ತೀನಿ. ನಮ್ಮ ಅಂಗಡಿ ಮಾಲು, ನ್ಯಾಮತಿಗೆ ಸಾಗಿಸ್ತಿದ್ವಿ ಅಂತ ಬಿಲ್ ಹರಿದು ಕಳಿಸ್ತಾಳೆ. ಚೀಲದ ಮ್ಯಾಲೆ ನಮ್ಮ ಹೆಸರೇ ಐತೆ. ಮಾಡಿದ್ದು ನಾನು, ತೊಳ್ಕೊಳೋದೂ ನಾನೇ."

"ನಾಳೆ ನಿನ್ನ ಅಂಗಡಿಗೆ ಬಂದು ತಪಾಸಣೆ ಮಾಡಿದ್ರೆ?"

"ಮಾಡ್ಲಿ."

"ಬ್ಯಾಡ ರಸೂಲ್. ಅವರು ನನ್ನ ಉಡಿಗೆ ಹಾಕಿದ್ದನ್ನ ಮಾರೋ ಮಾಲು ಅಂತ ನನ್ನ ಬಾಯಿಂದ ಹೇಳಾಕಾಗಲ್ಲ."

ಮೇಜಿನ ಹತ್ತಿರ ಬಂದು, "ಹೆಸರು ಹೇಳಲಾರೆನಮ್ಮ" ಎಂದಳು. "ಅವರ ಗಂಡಂದಿರು, ಮಕ್ಕಳು ಬೇರೆ ಬೇರೆ ಕಡೆ ಕೆಲಸಕ್ಕಿದಾರೆ. ಇವಳು ನನ್ನ ಕಡೆ ಅಂತ ಸರ್ಕಾರದ ಕಾಗದದಾಗೆ ಬಿದ್ರೆ ಅವಳಿಗೆ ಮನೇಲಿ ಇರಾಕೆ ಬಿಡಲ್ಲ. ನೀವು ಬರೀರಿ, ನಾನು ಸಹಿ ಹಾಕ್ತೀನಿ."

ಮಮತಾ ಪೆನ್ನು ಕೈಗೆತ್ತಿಕೊಂಡಳು. ಬರೆಯುವ ಮೊದಲು ತಾನು ಕೂತಿದ್ದ ಕುರ್ಚಿಯನ್ನು ನೆರಳಿನತ್ತ ಎಳೆದು ಅಂಬಿಕಾಳಿಗೆ ಕೊಟ್ಟು, ತಾನು ನಿಂತೇ ಬರೆದಳು.

ಪಂಚನಾಮೆಗೆ ಇಬ್ಬರು ಪಂಚರು ಬೇಕು. ಗಾದ್ರಪ್ಪ ರಸ್ತೆಗೆ ಅಡ್ಡ ನಿಂತು ಒಂದು ಬೈಕು ನಿಲ್ಲಿಸಿದ. ಓಡಿಸುತ್ತಿದ್ದವನು ಕೆಂಚೇಶ್. ಕೊರಳಲ್ಲಿ ದೊಡ್ಡ ಪಕ್ಷವೊಂದರ ಶಾಲು, ಹ್ಯಾಂಡಲಿಗೆ ಸಿಕ್ಕಿಸಿದ ಊಟದ ಪೊಟ್ಟಣ. ಹಿಂದೆ ಕೂತಿದ್ದವಳು ಅವನ ತಾಯಿ ಅಂತರಘಟ್ಟಮ್ಮ.

"ಇಳೀರಿ. ಎಣಿಸೋದನ್ನ ನೋಡಿ ಒಂದು ಸಹಿ ಹಾಕಿ ಹೋಗೋರಂತೆ."

ಕೆಂಚೇಶನಿಗೆ ಪೋಸ್ಟರ್ ಕಂಡದ್ದೇ ಹುಮ್ಮಸ್ಸು ಬಂತು. "ಏನೂ ಕೊಡಲ್ಲ ಅಂತ ಮೈಕಲ್ಲಿ ಕೂಗೋರು ಇವರೇ ಅಲ್ವೇನ್ರಿ? ಈಗೇನು, ಊರಿಗೆಲ್ಲ ಜಂಪರ್ ಹೊಲಿಸ್ತಾರಾ?"

"ನಿಮ್ಮ ಶಾಲಿಗೆ ಬಿಲ್ ಐತೇನಪ್ಪ?" ಎಂದ ರಸೂಲ್.

"ಸಾಕು" ಎಂದಳು ಮಮತಾ.

ಗಾದ್ರಪ್ಪ ಕಟ್ಟುಗಳನ್ನು ಬಿಚ್ಚಿ ಮೇಜಿನ ಮೇಲೆ ಹರಡತೊಡಗಿದ. ಅಂತರಘಟ್ಟಮ್ಮ ಮೊದಲು ದೂರ ನಿಂತಿದ್ದಳು. ಆಮೇಲೆ ಹತ್ತಿರ ಬಂದಳು. ಗಿಳಿಹಸಿರಿನ, ಕೆಂಪು ಅಂಚಿನ ಒಂದು ಕಣ ಹೊರಬಂದಾಗ ಅದನ್ನೇ ನೋಡಿದಳು. ಮಗನ ಮುಖ ನೋಡಿದಳು. ಅಂಬಿಕಾ ತಲೆ ಎತ್ತಲೇ ಇಲ್ಲ. ಎತ್ತಿದರೆ ಗುರುತು ಹಿಡಿದಂತಾಗುತ್ತದೆ.

"ಇದು ನಂದು" ಎಂದಳು ಅಂತರಘಟ್ಟಮ್ಮ.

"ಸುಮ್ಕಿರವ್ವ" ಎಂದ ಕೆಂಚೇಶ್.

"ನಂದೇ ಕಣೋ. ತ್ಯಾವಣಿಗೇಲಿ ನಿನ್ನ ಚಿಕ್ಕವ್ವನ ಮಗಳ ಸೀಮಂತದಾಗೆ ಕೊಟ್ಟಿದ್ದು. ಮೇಡಂನೋರೆ, ಅಳೆದು ನೋಡ್ರಿ, ಗಿಡ್ಡ ಐತೆ. ಒಂದು ತೋಳಿಗೂ ಸಾಲಲ್ಲ. ಅದಕ್ಕೇ ಹೊಲಿಸ್ಲಿಲ್ಲ." ಅವಳ ದನಿ ತಗ್ಗಿತು. "ಸಿಸ್ಟ್ರಮ್ಮಂಗೆ ಗಿಡ್ಡ ಪೀಸು ಕೊಟ್ನಲ್ಲ ಅಂತ ಆಮ್ಯಾಲೆ ಮನಸ್ಸಿಗೆ ಪಿಚ್ಚನಿಸ್ತು. ಮನೇಲಿ ಬೇರೆ ಇರಲಿಲ್ಲ."

ಗಾದ್ರಪ್ಪ ರಸೂಲನ ಅಳತೆ ಟೇಪು ಇಸಿದುಕೊಂಡು ಅಳೆದ. ಉಳಿದವುಗಳಿಗಿಂತ ಗೇಣು ಗಿಡ್ಡ. "ಹೌದು ಮೇಡಂ. ಹಂಚಾಕೆ ಕೊಳ್ಳೋರು ಇಂಥದ್ದು ಕೊಳ್ಳಲ್ಲ."

"ಅವ್ವಾ, ನಮ್ಮ ಕಡೇರಿಗೆ ಗೊತ್ತಾದ್ರೆ ನನ್ನ ಕೂಲಿ ಹೋಗ್ತೈತೆ!" ಎಂದ ಕೆಂಚೇಶ್. "ಅದೂ ಗಂಡ ಇಲ್ಲದೋರಿಗೆ ಉಡಿ ತುಂಬೀಯಾ? ನಮ್ಮನೇಲಿ?"

"ನೀನು ಹುಟ್ಟೋವಾಗ ನಾನು ಉಳೀತೀನೋ ಇಲ್ವೋ ಅಂತಿತ್ತು. ಆಗ ಈಯಮ್ಮ ನಿನ್ನ ಕಡೇರನ್ನೆಲ್ಲ ಕೇಳಿ ಕೈ ಹಾಕಿದ್ಲೇನು?" ಎಂದು ಅಂತರಘಟ್ಟಮ್ಮ ಮೇಜಿನ ಕಡೆ ತಿರುಗಿದಳು. "ಬರ್ಕೊಳ್ರಿ. ಅಂತರಘಟ್ಟಮ್ಮ. ಊರು ಬೇಕಾ?"

"ಬೇಡಮ್ಮ, ನಿಮಗ್ಯಾಕೆ ತೊಂದರೆ" ಎಂದು ಅಂಬಿಕಾ ಎದ್ದು ನಿಂತಳು.

"ನೀವು ಕೂತ್ಕೊಳ್ರಿ. ನಾನು ಕೊಟ್ಟಿದ್ದು ನಾನು ಹೇಳಾಕಾಗಲ್ವಾ?"

ಮಮತಾ ಬರೆದ ಹಾಳೆಗೆ ಅಡ್ಡ ಗೆರೆ ಹೊಡೆದು ಪಕ್ಕಕ್ಕಿಟ್ಟು ಹೊಸದೊಂದು ತೆಗೆದುಕೊಂಡಳು.

"ಒಬ್ಬರು ಕೊಟ್ಟೆ ಅಂತ ಹೇಳಿದ ಮೇಲೆ ಹಂಚೋಕೆ ತಂದ ಸರಕು ಅಂತ ನಾನು ಬರೆಯೋಕಾಗಲ್ಲ" ಎಂದಳು. "ಕೇಸು ಹಾಕಲ್ಲ. ಆದರೆ ಉಳಿದದ್ದು ಬಿಡೋ ಅಧಿಕಾರ ನನಗಿಲ್ಲ ಸಿಸ್ಟರ್. ಜಿಲ್ಲಾ ಸಮಿತಿಗೆ ಕಳಿಸ್ತೀನಿ, ವಿಚಾರಣೆ ಮಾಡಿ ಕೊಡ್ತಾರೆ. ಚುನಾವಣೆ ಮುಗಿಯೋವರೆಗೂ ಆಗಬಹುದು. ಅಂತರಘಟ್ಟಮ್ಮನವರೆ, ಹೇಳಿಕೆ ಕೊಟ್ಟವರು ಪಂಚರಾಗೋ ಹಾಗಿಲ್ಲ. ಗಾದ್ರಪ್ಪ, ಇನ್ನೊಬ್ಬರನ್ನ ಕರೀರಿ. ಈ ಹಸಿರದ್ದು ಸಿಸ್ಟರ್ ಕೈಗೆ ಕೊಡಿ."

ರಸ್ತೆಬದಿಯ ಟೀ ಅಂಗಡಿಯವನು ಬಂದು ಸಹಿ ಹಾಕಿದ. ಕೆಂಚೇಶ್ ಹಾಕುತ್ತಾನೋ ಇಲ್ಲವೋ ಎಂದು ಎಲ್ಲರೂ ನೋಡುತ್ತಿದ್ದರು. ಅವನು ಹಾಳೆಯನ್ನು ಮೇಲಿಂದ ಕೆಳಗೆ ಓದಿದ. ತಾಯಿಯ ಹೆಸರಿರುವ ಜಾಗದಲ್ಲಿ ನಿಂತ, ಮತ್ತೆ ಮುಂದಕ್ಕೆ ಓದಿದ, ಕೊನೆಗೆ ಸಹಿ ಹಾಕಿದ.

ಚೀಲಗಳು ಇಲಾಖೆಯ ಜೀಪು ಸೇರಿದವು. ರಸೂಲ್ ಅವುಗಳ ಹಿಂದೆಯೇ ಹೋಗಿ, "ಮಡಿಕೆ ಕೆಡಿಸಬ್ಯಾಡ್ರಿ" ಎಂದು ಹೇಳಿ ಬಂದ. ಅಂಬಿಕಾ ಶಾಮಿಯಾನದ ನೆರಳಲ್ಲೇ ಕೂತಿದ್ದಳು. ಇನ್ನೂ ಎರಡು ಊರು ಬಾಕಿ ಇತ್ತು. ಬೆಳಿಗ್ಗೆಯ ಅವಲಕ್ಕಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಕೆಂಚೇಶ್ ಬೈಕಿನ ಹತ್ತಿರ ಹೋದ. ತಾಯಿ ಹತ್ತಿ ಕೂರುವ ತನಕ ಹ್ಯಾಂಡಲ್ ಹಿಡಿದು ನಿಂತ. ಆಮೇಲೆ ಕೊರಳಿನ ಶಾಲನ್ನು ತೆಗೆದು ಹೆಗಲಿಗೆ ಹಾಕಿಕೊಂಡ, ಪೊಟ್ಟಣ ಬಿಡಿಸಿಕೊಂಡ, ಹಿಂದಕ್ಕೆ ನಡೆದು ಬಂದ. ಅವನ ಪಕ್ಷದವರು ಕಾರ್ಯಕರ್ತರಿಗೆ ದಿನಕ್ಕೊಂದರಂತೆ ಕೊಡುವ ಚಿತ್ರಾನ್ನ ಅದು, ಇನ್ನೂ ಬೆಚ್ಚಗಿತ್ತು. ಅಂಬಿಕಾಳ ಮುಖ ನೋಡದೆ ಅದನ್ನು ಆಕೆಯ ಕೈಗೆ ಕೊಟ್ಟ.