ಕೂತು, ನೀರು ಕುಡಿದು, ಮತ್ತೆ ಹೊರಡಿ

ಚಾಮರಾಜಪೇಟೆಯ ಭಾಗೀರಥಮ್ಮನವರ ಮನೆಯಲ್ಲಿ ಒಂದು ಕಟ್ಟಳೆಯಿದೆ. ಹೊರಟವರು ಏನನ್ನಾದರೂ ಮರೆತು ವಾಪಸ್ ಬಂದರೆ, ಅದನ್ನು ಎತ್ತಿಕೊಂಡು ಹಾಗೇ ಓಡುವಂತಿಲ್ಲ. ಕೂರಬೇಕು, ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಹೊರಡಬೇಕು. ಅವರ ಮಗ ಆತ್ರೇಯ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ. ವಾರದಲ್ಲಿ ಮೂರು ದಿನ ಹೆಲ್ಮೆಟ್ಟೋ ಮೊಬೈಲೋ ಮರೆಯುತ್ತಾನೆ. ಹಾಗಾಗಿ ಅವನ ಹೊಟ್ಟೆಗೆ ನೀರಿನ ಕೊರತೆ ಆದದ್ದೇ ಇಲ್ಲ.

ಆತ್ರೇಯ, ಮೈತ್ರೇಯಿ ದಂಪತಿಗೆ ಒಬ್ಬಳೇ ಮಗಳು, ಸಾನ್ವಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಇಪ್ಪತ್ತೆರಡು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಗ ಭಾಗೀರಥಮ್ಮ ಆ ಗಾಜಿನ ಆಚೆ ನಿಂತು ಮನೆದೇವರು ನರಸಿಂಹನಿಗೆ ಹರಕೆ ಹೊತ್ತಿದ್ದರು. "ಮಗು ಉಳಿದ್ರೆ, ಎರಡು ವರ್ಷ ತುಂಬೋದ್ರೊಳಗೆ ಬೆಟ್ಟ ಹತ್ತಿಸಿ, ನಿನ್ನ ಹೊಸ್ತಿಲಿಗೆ ಅದರ ಹಣೆ ಮುಟ್ಟಿಸ್ತೀನಪ್ಪಾ."

ಮಗು ಉಳಿಯಿತು. ಈಗ ಆ ಮನೆಯಲ್ಲಿ ಬೇರೆ ಯಾರಿಗೂ ಮಾತಾಡಲು ಬಿಡುವುದಿಲ್ಲ. ಎಣಿಕೆಯಲ್ಲಿ ಅವಳಿಗೆ ಬರುವುದು ಎರಡೇ: "ಒಂದು, ಎಲಡು." ಮೆಟ್ಟಿಲು, ಕಾಗೆ, ಕಡಲೆಕಾಯಿ, ಏನೇ ಕಂಡರೂ ಒಂದು, ಎಲಡು, ಮತ್ತೆ ಒಂದು, ಎಲಡು.

ರಜೆಯಿಲ್ಲ, ಮಳೆ, ನೆಗಡಿ ಎಂದು ಬೆಟ್ಟ ಮುಂದಕ್ಕೆ ಹೋಗುತ್ತಲೇ ಇತ್ತು. ಡಿಸೆಂಬರಿನಲ್ಲಿ ಮಗುವಿಗೆ ಎರಡು ತುಂಬುವುದು ಒಂದು ಮಂಗಳವಾರ. ಅದಕ್ಕೆ ಮೊದಲು ಉಳಿದದ್ದು ಒಂದೇ ಭಾನುವಾರ. ಶನಿವಾರ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿ ಮಲಗುವುದು, ಬೆಳಿಗ್ಗೆ ಹತ್ತುವುದು ಎಂದು ಆತ್ರೇಯ ಲೆಕ್ಕ ಹಾಕಿದ.

ಪಕ್ಕದ ಮನೆಯ ಹೇಮಶ್ರೀ ಮಕ್ಕಳ ವಾರ್ಡಿನಲ್ಲಿ ನರ್ಸ್. ತನ್ನ ಮಗನನ್ನು ಒಂದು ವರ್ಷದಿಂದಲೇ ಬೆಟ್ಟಗುಡ್ಡ ಸುತ್ತಿಸಿದವಳು. ವಿಷಯ ತಿಳಿದು ಕಾಂಪೌಂಡಿನ ಆಚೆಯಿಂದಲೇ ಕೇಳಿದಳು.

"ಹೋಗಿ ಬನ್ನಿ ಭಾಗೀರಥಮ್ಮನೋರೆ, ಒಳ್ಳೇದೇ. ಆದ್ರೆ ಮೊದ್ಲು ಒಂದಿನ ನಿಮ್ಮ ತಾರಸಿ ಮೇಲೇ ಟೆಂಟ್ ಹಾಕಿ ಮಲಗಿ ನೋಡಿ. ಇಲ್ಲಿ ಮಗು ಅತ್ರೆ ಕೆಳಗಿಳಿದ್ರೆ ಆಯ್ತು. ಅಲ್ಲಿ ಅತ್ರೆ ಎಲ್ಲಿಗೆ ಹೋಗ್ತೀರಾ?"

"ದೇವರ ಬೆಟ್ಟಕ್ಕೆ ಹೋಗೋಕೂ ಟ್ರಯಲ್ಲೇನಮ್ಮ? ಈ ಆತ್ರೇಯನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹತ್ತಿದೀನಿ ನಾನು. ಆಗ ಯಾವ ನರ್ಸೂ ಬಂದು ಪಾಠ ಹೇಳಿರ್ಲಿಲ್ಲ."

ಹೇಮಶ್ರೀ ನಕ್ಕಳು. "ಸೊಂಟದ ಮೇಲಿದ್ರೆ ನಿಮ್ಮ ಮೈ ಬಿಸಿ ಮಗೂಗೆ ಸಿಗ್ತಿತ್ತು. ಮುಖ ನಿಮ್ಮ ಕಣ್ಮುಂದೇನೇ ಇರ್ತಿತ್ತು. ಈಗ ಆತ್ರೇಯ ಬೆನ್ನಿಗೆ ಕ್ಯಾರಿಯರ್ ಕಟ್ಕೊಂಡು ಅದ್ರಲ್ಲಿ ಕೂರಿಸ್ತಾನೆ. ಮಗು ಮುಖ ಇವನಿಗೆ ಕಾಣಲ್ಲ. ಹತ್ತೋನಿಗೆ ಬೆವರು, ಸುಮ್ನೆ ಕೂತಿರೋಳಿಗೆ ಚಳಿ. ಅರ್ಧ ಗಂಟೆಗೊಂದ್ಸಲ ಇಳಿಸಿ, ಕತ್ತಿನ ಹಿಂದೆ ಮುಟ್ಟಿ ನೋಡಿ. ತಣ್ಣಗಿದ್ರೆ ಇನ್ನೊಂದು ಬಟ್ಟೆ ಹಾಕಿ, ಬೆವೆತಿದ್ರೆ ಒಂದು ತೆಗೀರಿ. ಅಳೋ ಮಗೂಗೆ ಅಷ್ಟು ಹೆದರ್ಬೇಡಿ. ಮಾತಾಡ್ತಿದ್ದ ಮಗು ಸುಮ್ಮನಾದ್ರೆ ತಕ್ಷಣ ನೋಡಿ."

"ಆಯ್ತು ಬಿಡು."

"ಇನ್ನೊಂದು. ಹತ್ತು ಗಂಟೆಗೆ ಎಲ್ಲಿದ್ರೂ ತಿರುಗಿಬಿಡಿ. ಆಮೇಲೆ ಮಗು ಊಟದ ಹೊತ್ತು, ನಿದ್ದೆ ಹೊತ್ತು."

ಭಾಗೀರಥಮ್ಮನ ಮುಖ ಬಿಗಿಯಿತು. "ಅದೊಂದು ಮಾತ್ರ ಆಗಲ್ಲ ಹೇಮಾ. ಹರಕೆ ಹೊತ್ತು ಹೊರಟೋರು ಅರ್ಧ ದಾರಿಯಿಂದ ತಿರುಗಬಾರದು."

ಸೊಸೆಯ ಒತ್ತಾಯಕ್ಕೆ ತಾರಸಿಯ ಮೇಲೆ ಟೆಂಟ್ ಎದ್ದಿತು. ಸಾನ್ವಿ ಒಳಗೆ ಹೋಗಿ ಹೊರಗೆ ಬಂದು, ಇದು ತನ್ನದೇ ಮನೆ ಎಂದು ತೀರ್ಮಾನಿಸಿದಳು. ಸಂಜೆ ಏಳು ಗಂಟೆಗೆ ಭಾಗೀರಥಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಧೂಪಾರತಿ, ಅದರ ತುಂಬ ನಿಗಿನಿಗಿ ಕೆಂಡ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಮಗುವಿಗೆ ದಿನಾ ಸಾಂಬ್ರಾಣಿ ಹೊಗೆ ಹಾಕಿಯೇ ಮಲಗಿಸಿದ ಕೈ ಅದು. ಟೆಂಟಿನೊಳಗೆ ಇಟ್ಟು ಜಿಪ್ ಎಳೆದರೆ ಬೆಚ್ಚಗೂ ಇರುತ್ತದೆ, ಸೊಳ್ಳೆಯೂ ಬರುವುದಿಲ್ಲ ಎಂದು ಅವರ ಯೋಚನೆ.

ಬಟ್ಟೆ ಎತ್ತಿಕೊಳ್ಳಲು ತನ್ನ ತಾರಸಿಗೆ ಬಂದಿದ್ದ ಹೇಮಶ್ರೀ ಅಲ್ಲಿಂದಲೇ ಕೂಗಿಕೊಂಡಳು. "ಅಯ್ಯೋ, ಬೇಡಿ! ಒಳಗೆ ಇಡ್ಬೇಡಿ! ಮುಚ್ಚಿದ ಟೆಂಟಲ್ಲಿ ಕೆಂಡ ಇಟ್ರೆ ವಿಷಗಾಳಿ ತುಂಬ್ಕೊಳ್ಳತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದೋರು ಏಳೋದೇ ಇಲ್ಲ. ಕೆಂಡ, ಸ್ಟವ್, ಸೊಳ್ಳೆ ಬತ್ತಿ, ಯಾವುದೂ ಒಳಗೆ ಬೇಡ."

ಭಾಗೀರಥಮ್ಮ ನಿಂತಲ್ಲೇ ನಿಂತರು. ಕೆಂಡವನ್ನು ತಾವೇ ಕೆಳಗೆ ತೆಗೆದುಕೊಂಡು ಹೋಗಿ ನೀರು ಸುರಿದರು. ಆ ರಾತ್ರಿ ಟೆಂಟಿನ ಕಿಟಕಿಯ ಜಿಪ್ ತೆರೆದಿದೆಯೇ ಎಂದು ಎರಡು ಸಲ ಎದ್ದು ನೋಡಿದವರೂ ಅವರೇ. ಆದರೆ ಅರ್ಧ ದಾರಿಯ ವಿಷಯದಲ್ಲಿ ಮಾತ್ರ ಅವರ ಮನಸ್ಸು ಬದಲಾಗಲಿಲ್ಲ.

ಶನಿವಾರ ಬೆಟ್ಟದ ಬುಡ ಸೇರಿದರು. ಎಲ್ಲಿ ಇರುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮೈತ್ರೇಯಿ ಹೇಮಶ್ರೀಗೆ ಹೇಳಿ ಬಂದಿದ್ದಳು. ತಾರಸಿಯ ಅಭ್ಯಾಸವಾಗಿದ್ದರಿಂದ ಸಾನ್ವಿ ಟೆಂಟಿನಲ್ಲಿ ಅಪ್ಪ ಅಮ್ಮನ ನಡುವೆ ಗೊಣಗಾಟವಿಲ್ಲದೆ ಮಲಗಿದಳು. ಬೆಳಿಗ್ಗೆ ಎಂಟಕ್ಕೆ ಹತ್ತಲು ಶುರು ಮಾಡಿದರು. ಮುಂದೆ ಆತ್ರೇಯ, ಅವನ ಬೆನ್ನ ಮೇಲೆ ಸಾನ್ವಿ, ಹಿಂದೆ ಭಾಗೀರಥಮ್ಮ, ಕೊನೆಗೆ ಗಂಜಿಯ ಫ್ಲಾಸ್ಕ್ ಹಿಡಿದ ಮೈತ್ರೇಯಿ. ಒಂದೊಂದು ಮೆಟ್ಟಿಲಿಗೂ ಬೆನ್ನ ಮೇಲಿನಿಂದ ಎಣಿಕೆ: "ಒಂದು, ಎಲಡು."

ಮೊದಲ ಮಂಟಪದಲ್ಲಿ ಇಳಿಸಿ, ನೀರು ಕೊಟ್ಟು, ಸ್ವಲ್ಪ ಓಡಾಡಿಸಿದರು. ಎರಡನೇ ಮಂಟಪದ ಹೊತ್ತಿಗೆ ಆತ್ರೇಯನ ಅಂಗಿ ಒದ್ದೆಯಾಗಿತ್ತು. "ನಂಗೇ ಇಷ್ಟು ಸೆಕೆ, ಪಾಪ ಮಗೂಗೆ ಇನ್ನೆಷ್ಟು" ಎಂದು ಸ್ವೆಟರು, ಟೋಪಿ ಎರಡನ್ನೂ ತೆಗೆಸಿಬಿಟ್ಟ. ಕತ್ತು ಮುಟ್ಟಿ ನೋಡುವುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಮೇಲೆ ಹೋದಂತೆ ಮೋಡ ಕವಿಯಿತು, ಮಂಜು ಇಳಿಯಿತು, ಗಾಳಿ ಬೀಸತೊಡಗಿತು.

ಗುಡಿಯ ಗೋಪುರ ಕಂಡಿತು. ಇನ್ನು ಇನ್ನೂರು ಮೆಟ್ಟಿಲು. ಭಾಗೀರಥಮ್ಮ ಕೈಮುಗಿದರು. ಆಗಲೇ ಅವರಿಗೆ ಏನೋ ಕಡಿಮೆಯಾದಂತೆ ಅನಿಸಿತು. ಎಣಿಕೆ ನಿಂತುಹೋಗಿತ್ತು.

"ಆತ್ರೇಯ, ನಿಲ್ಲೋ!"

ಮಗುವಿನ ಕತ್ತಿನ ಹಿಂದೆ ಕೈಯಿಟ್ಟರು. ತಣ್ಣಗೆ ಕೊರೆಯುತ್ತಿತ್ತು. ತುಟಿ ಬಿಳಿಚಿಕೊಂಡಿತ್ತು. ಕಣ್ಣು ಬಿಟ್ಟಿದ್ದಳು, ಆದರೆ ಅಜ್ಜಿಯನ್ನು ಕಂಡೂ ನಗಲಿಲ್ಲ.

ಬಂಡೆಯ ಮರೆಯಲ್ಲಿ, ಗಾಳಿ ಬಾರದ ಕಡೆ ಕೂತರು. ಮಂಜಿಗೆ ತೇವವಾಗಿದ್ದ ಅಂಗಿ ತೆಗೆದು ಒಣ ಬಟ್ಟೆ, ಸ್ವೆಟರ್, ಟೋಪಿ ಹಾಕಿದರು. ಭಾಗೀರಥಮ್ಮ ಮಗುವನ್ನು ಎದೆಗವಚಿಕೊಂಡು ಮೇಲೆ ಶಾಲು ಸುತ್ತಿದರು. ಮೈತ್ರೇಯಿ ಚಮಚ ಚಮಚವಾಗಿ ಬೆಚ್ಚನೆಯ ರಾಗಿ ಗಂಜಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಶಾಲಿನೊಳಗೆ ಪುಟ್ಟ ಬೆರಳೊಂದು ಅಜ್ಜಿಯ ಸರದ ಗುಂಡು ಮುಟ್ಟಿತು.

"ಒಂದು... ಎಲಡು."

ಮೈತ್ರೇಯಿ ಅತ್ತೇಬಿಟ್ಟಳು. ಆತ್ರೇಯ ಗಡಿಯಾರ ನೋಡಿದ. ಹತ್ತಾಗಲು ಐದು ನಿಮಿಷ. "ಅಮ್ಮ, ಇನ್ನೂರೇ ಮೆಟ್ಲು. ನಾಡಿದ್ದೇ ಎರಡು ತುಂಬತ್ತೆ. ನಿನ್ನ ಹರಕೆ..." ಎಂದು ನಿಲ್ಲಿಸಿದ.

ಭಾಗೀರಥಮ್ಮ ಗೋಪುರವನ್ನೇ ನೋಡಿದರು. ಎರಡು ವರ್ಷ ಕಾದ ಹೊಸ್ತಿಲು ಅಲ್ಲೇ ಮೇಲಿತ್ತು. ಗಾಜಿನ ಪೆಟ್ಟಿಗೆಯೂ ನೆನಪಾಯಿತು.

"ಮೈತ್ರೇಯಿ, ನೀರು ಕೊಡಮ್ಮ" ಎಂದರು.

ಎರಡು ಗುಟುಕು ಕುಡಿದು ಮಗನ ಕೈಗೆ ಬಾಟಲಿ ಕೊಟ್ಟರು. "ನೀನೂ ಕುಡಿ. ಹೊರಟೋರು ವಾಪಸ್ ಬಂದ್ರೆ ನಮ್ಮನೇಲಿ ಏನ್ಮಾಡ್ತೀವಿ? ಕೂತು, ನೀರು ಕುಡಿದು, ಮತ್ತೆ ಹೊರಡ್ತೀವಿ. ನೀನು ವಾರಕ್ಕೆ ಮೂರು ಸಲ ತಿರುಗಿ ಬರ್ತೀಯ, ಯಾವತ್ತಾದ್ರೂ ಕೆಟ್ಟದ್ದಾಯ್ತಾ? ಇಳಿಯೋಣ ನಡಿ."

ಆಮೇಲೆ ಬೆಟ್ಟದ ಕಡೆ ತಿರುಗಿ, ಪಕ್ಕದ ಮನೆಯವರಿಗೆ ಹೇಳುವಂತೆ ಹೇಳಿದರು. "ತಪ್ಪು ತಿಳ್ಕೋಬೇಡಪ್ಪಾ. ನೀನೇ ಕೊಟ್ಟ ಮಗು. ಬಿಸಿಲು ಕಾಲಕ್ಕೆ ಮುಂಚೆ ಬರ್ತೀವಿ."

ಕೆಳಗಿಳಿದ ಮೇಲೆ ಹೇಮಶ್ರೀಗೆ ಅವರೇ ಫೋನ್ ಮಾಡಿದರು. "ತಿರುಗಿದ್ವಿ ಕಣಮ್ಮ, ಹತ್ತು ಗಂಟೆಗೆ."

ಫೆಬ್ರವರಿಯ ಒಂದು ತಿಳಿಬೆಳಗಿನಲ್ಲಿ ಮತ್ತೆ ಹತ್ತಿದರು. ಈ ಸಲ ಕತ್ತು ಮುಟ್ಟಿ ನೋಡುವ ಕೆಲಸ ಅಜ್ಜಿಯದು. ಅದೇ ಬಂಡೆಯ ಹತ್ತಿರ ಕೂತು ನೀರು ಕುಡಿದರು. ಕೊನೆಯ ಹತ್ತು ಮೆಟ್ಟಿಲನ್ನು ಸಾನ್ವಿ ಅಜ್ಜಿಯ ಬೆರಳು ಹಿಡಿದು ತಾನೇ ಹತ್ತಿದಳು. ಹೊಸ್ತಿಲಿಗೆ ಹಣೆ ಮುಟ್ಟಿಸಿ ಎದ್ದವಳು ಅಜ್ಜಿ, ಅಪ್ಪ, ಅಮ್ಮನ ಕಡೆ ಬೆರಳು ತೋರಿಸಿ, "ಒಂದು, ಎಲಡು, ಮೂಲು" ಎಂದಳು. ಭಾಗೀರಥಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಪುಟ್ಟ ಮಗುವಿರುವ ಅಪ್ಪ, ಅಮ್ಮ, ಅಜ್ಜಿ, ತಾತಂದಿರೇ, ನೀವೂ ಹೊರಡಿ. ಸುಲಭದ ಬೆಟ್ಟ ಆರಿಸಿಕೊಳ್ಳಿ. ಟೆಂಟನ್ನು ಮೊದಲು ತಾರಸಿಯಲ್ಲೋ ಅಂಗಳದಲ್ಲೋ ಹಾಕಿ ನೋಡಿ, ಅದರೊಳಗೆ ಕೆಂಡ ಇಡಲೇಬೇಡಿ. ಎಲ್ಲಿಗೆ ಹೋಗುತ್ತೇವೆಂದು ಪಕ್ಕದವರಿಗೆ ಹೇಳಿ. ಮಗು ತಿಂದು ಗೊತ್ತಿರುವ ಆಹಾರವನ್ನೇ ಒಯ್ಯಿರಿ, ಡೈಪರನ್ನು ಬೆಟ್ಟದಲ್ಲಿ ಬಿಡದೆ ವಾಪಸ್ ತನ್ನಿ. ನಿಮಗೆ ಸೆಕೆಯೆಂದು ಮಗುವಿನ ಟೋಪಿ ತೆಗೆಯುವ ಮೊದಲು ಅದರ ಕತ್ತು ಮುಟ್ಟಿ ನೋಡಿ. ಮಗುವಿನ ಮಾತು ನಿಂತರೆ ನೀವೂ ನಿಲ್ಲಿ. ತಿರುಗಿ ಬರಬೇಕಾಗಿ ಬಂದರೆ ನಾಚಿಕೊಳ್ಳಬೇಡಿ. ಕೂತು, ನೀರು ಕುಡಿದು, ಮಗುವನ್ನು ಬೆಚ್ಚಗೆ ಅಪ್ಪಿಕೊಂಡು ಇಳಿದು ಬನ್ನಿ. ಇನ್ನೊಂದು ಭಾನುವಾರ ಬಂದೇ ಬರುತ್ತದೆ.